ಜಳಕ ಮುಗಿಯದ ಮಾಲಕರೂ ನಮ್ಮ ಅವ್ವನ ಹಂಡೆಯೂ

ಗದಗ-ಬೆಟಗೇರಿಯ ಬಾಡಿಗೆ ಮನೆಗಳ ತಕರಾರು ವಿಚಾರಿಸುವ ಅಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ, ನಮ್ಮ ಅವ್ವನ ತಾಮ್ರದ ಹಂಡೆಯನ್ನು ನಮಗೆ ಮರಳಿ ಕೊಡಿಸಿರಿ. ಇಷ್ಟನ್ನೇ ಓದಿ ತಾವು ಕ್ರಮ ಕೈಗೊಳ್ಳುವುದಾದರೆ ಮುಂದಿನದನ್ನು ಓದುವ ತೊಂದರೆ ಬೇಡ. ಆದರೆ ನಾಲ್ಕು ಅರ್ಜಿಗಳಲ್ಲಿ ಇದೇ ಮಾತು ಹೇಳಿ ಸೋತಿರುವುದರಿಂದ, ಈ ಸಲ ಊರೆಲ್ಲ ಓದಲೆಂದು ಪತ್ರಿಕೆಗೆ ಕೊಟ್ಟಿದ್ದೇನೆ.

ನಾವು ನೇಕಾರರು. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕುಳಿತರೇ ನಮ್ಮ ಮಗ್ಗ ನಡೆಯುವುದು. ಎರಡು ವರ್ಷದ ಹಿಂದೆ ಶಿಗ್ಲಿಯಿಂದ ಬಂದು ಬೆಟಗೇರಿಯಲ್ಲಿ ಶ್ರೀಮಾನ್ ಬಸಲಿಂಗಯ್ಯನವರ ಮನೆ ಹಿಡಿದಾಗ ಅವರು ತಮ್ಮ ನೆಲದ ಬಗ್ಗೆ ಚಿಂತಾಕ್ರಾಂತರಾದರು. "ಕುಣಿ ತೋಡ್ರಿ, ಬ್ಯಾಡ ಅನ್ನೂದಿಲ್ಲ. ಬಿಟ್ಟು ಹೋಗುವಾಗ ಮುಚ್ಚಿ ಹೋಗಬೇಕು. ಅದಕ್ಕೊಂದು ಠೇವಣಿ ಇಡ್ರಿ" ಎಂದರು. ರೊಕ್ಕವಿರಲಿಲ್ಲ. ಅವ್ವ ಹಂಡೆಯನ್ನೇ ಇಟ್ಟಳು.

ಹೋದ ದಸರೆಗೆ ನಾವು ಇದೇ ಬೆಟಗೇರಿಯಲ್ಲಿರುವ ಸೋದರಮಾವನ ಮನೆಗೆ ಬಂದೆವು. ಕುಣಿ ಮುಚ್ಚಿ, ದಮ್ಮಸು ಬಡಿದು ಗಟ್ಟಿ ಮಾಡಿ, ಸೆಗಣಿ ಸಾರಿಸಿ, ಅವ್ವ ಮೇಲೊಂದು ರಂಗೋಲಿಯನ್ನೂ ಹಾಕಿದಳು. ಮಾಲಕರು ಬಂದು ನೋಡಿ ಕಣ್ಣು ಕೆಂಪಗೆ ಮಾಡಿದರು. "ಏನ್ಲೇ ನಾರಾಯಣಪ್ಪ, ಹೊಸದಾಗಿ ಬರಾವ ಮೂಕಪ್ಪನೂ ನೇಕಾರ. ತಯಾರಿದ್ದ ಕುಣಿ ಮುಚ್ಚಿ ನನಗ ಲುಕ್ಸಾನ ಮಾಡಿದಿ. ಮೊದಲು ತೋಡಿ ಕೊಡು, ಆಮ್ಯಾಲೆ ಹಂಡೆ!" ತೋಡಿದೆ. ನನ್ನಂಥ ವಿಧೇಯ ಮೂರ್ಖ ಈ ಪ್ರಾಂತದಲ್ಲಿ ಸಿಗುವುದು ಕಷ್ಟ. ಮೂಕಪ್ಪ ಮಗ್ಗ ಹೂಡಿ ಕುಳಿತ ಮರುದಿನ ಹಂಡೆ ಕೇಳಲು ಹೋದರೆ, "ಮುಚ್ಚಿ ಹೋಗಬೇಕು ಅಂತ ಕರಾರೈತಿ. ಕುಣಿ ನೋಡಿದರ ತೆರದಽ ಐತಿ. ಹೆಂಗ ಕೊಡಲಿ?" ಅಂದರು. ಮಾನ್ಯರೇ, ಕಾನೂನು ಬಲ್ಲ ತಾವೇ ತಿಳಿಸಬೇಕು: ಮೂಕಪ್ಪನ ಕಾಲು ಸಮೇತ ಮುಚ್ಚಲೇ?

ಆ ದಿನದಿಂದ ಮಾಲಕರು ದರ್ಶನ ಕೊಟ್ಟಿಲ್ಲ. ನಾನು ಹತ್ತೊಂಬತ್ತು ಸಲ ಹೋದೆ, ಹತ್ತೊಂಬತ್ತು ಸಲವೂ ಅವರ ಮನೆಯವರು ಬಾಗಿಲಲ್ಲಿ ನಿಂತು "ಜಳಕಕ್ಕ ಕುಂತಾರ್ರಿ" ಎಂದರು. ಮುಂಜಾನೆ ಜಳಕ, ಮಧ್ಯಾಹ್ನ ಜಳಕ, ದೀಪ ಹಚ್ಚುವ ಹೊತ್ತಿಗೂ ಜಳಕ. ಇಷ್ಟು ಶುಚಿಯಾದ ಪುರುಷ ನಮ್ಮ ಹೊಸ ರಾಜ್ಯದಲ್ಲಿ ಇನ್ನೊಬ್ಬನಿದ್ದಾನೆಯೇ? ಸರಕಾರ ಅವರಿಗೊಂದು ಪದಕ ಕೊಡಬಾರದೇಕೆ? ಬಿಸಿನೀರು ಮಾತ್ರ ನಮ್ಮ ಅವ್ವನ ಹಂಡೆಯದು ಎಂಬುದನ್ನು ಪದಕದ ಹಿಂಬದಿಗೆ ಸಣ್ಣಗೆ ಕೆತ್ತಿಸಿದರೆ ಸಾಕು. ಒಂದು ದಿನ ಬಚ್ಚಲದ ಕಿಂಡಿಯ ಹೊರಗೆ ನಿಂತು "ಬೆನ್ನು ತಿಕ್ಕಾಕ ಬರಲೇನ್ರಿ ಅಯ್ಯಾರ?" ಎಂದು ಕೂಗಿದ್ದು ನಿಜ. ಆ ಬಗ್ಗೆ ತಮಗೆ ದೂರು ಬಂದಿದ್ದರೆ ಒಪ್ಪಿಕೊಳ್ಳುತ್ತೇನೆ.

ತಮ್ಮ ಕಚೇರಿಯ ಗುಮಾಸ್ತರೋ ಇನ್ನೂ ದೊಡ್ಡ ತತ್ತ್ವಜ್ಞಾನಿಗಳು. "ಹಂಡೆ ಇಟ್ಟದ್ದು ಮುಂಬಯಿ ರಾಜ್ಯದಾಗ. ಕೇಳಾಕ ಹತ್ತಿದ್ದು ಮೈಸೂರು ರಾಜ್ಯದಾಗ. ಹುಕುಂ ಬರೂತನಕ ತಡೀರಿ" ಎಂದರು. ನವೆಂಬರ್ ಒಂದರಂದು ಕನ್ನಡಿಗರೆಲ್ಲ ಒಂದಾದೆವೆಂದು ಕುಣಿದವರಲ್ಲಿ ನಾನೂ ಒಬ್ಬ. ಬೀದರದಿಂದ ಕೊಡಗಿನವರೆಗೆ ಎಲ್ಲರೂ ಒಂದಾಗಬಹುದು, ಎರಡು ಓಣಿ ಆಚೆಗಿನ ಹಂಡೆಯೊಂದು ತನ್ನ ಒಡತಿಯೊಂದಿಗೆ ಒಂದಾಗಬಾರದೇ?

ಹಂಡೆಗೆ ಮಾತ್ರ ನಮಗಿಂತ ಹೆಚ್ಚು ಸ್ವಾಭಿಮಾನ. ಅಷ್ಟು ಜಳಕ ತಾಳಲಾರದೆ ಅದರ ತಳ ಸೋರತೊಡಗಿತು. ಮಾಲಕರು ಅದನ್ನು ಬೆಸುಗೆಗಾಗಿ ಮರ್ದಾನಸಾಬರ ಅಂಗಡಿಗೆ ಕಳಿಸಿದರು. ಸಾಬರು ಹುಣಸೆಹಣ್ಣು ಹಾಕಿ ತಿಕ್ಕಿದರು, ಮಸಿ ಹೋಯಿತು, ಕಂಠದ ಮೇಲೆ ಚುಕ್ಕಿಚುಕ್ಕಿಯಾಗಿ ಕೊರೆದ ಅಕ್ಷರಗಳು ಎದ್ದು ಬಂದವು: ಬನಶಂಕರೆವ್ವ, ಶಿಗ್ಲಿ. ತವರಿನವರು ಮದುವೆಯಲ್ಲಿ ಕೊಟ್ಟಾಗ ಹಾಕಿಸಿದ ಹೆಸರು. ಆ ಹೊತ್ತಿಗೆ ಜಳಕ ಬಿಟ್ಟು ಓಡಿಬಂದ ಮಾಲಕರಿಗೆ ಸಾಬರು ಹೇಳಿದರಂತೆ: "ಇದರ ಮ್ಯಾಲೆ ಬನಶಂಕರೆವ್ವ ಅಂತ ಐತಿ. ಯಾವಾಗ ಹೆಸರು ಬದಲ ಮಾಡಿದ್ರಿ ಅಯ್ಯಾರ?" ಹಂಡೆ ಈಗ ಸಾಬರ ಅಂಗಡಿಯಲ್ಲೇ ಇದೆ. ನನಗೂ ಕೊಡುತ್ತಿಲ್ಲ. "ತಮ್ಮಾ, ತಂದಾವರು ಒಬ್ಬರು, ಹೆಸರು ಒಬ್ಬರದು. ಸಾಹೇಬರ ಚೀಟಿ ತಾ, ಹೊತಗೊಂಡು ಹೋಗು."

ನಗೆಮಾತು ಇಲ್ಲಿಗೆ ಸಾಕು. ನನ್ನ ಅಕ್ಕ ಯಮನವ್ವ ಚೊಚ್ಚಲ ಹೆರಿಗೆಗೆ ಬಂದಿದ್ದಾಳೆ. ಶಿವರಾತ್ರಿಯ ಆಚೀಚೆ ದಿನ. ಬಾಣಂತಿಗೂ ಕೂಸಿಗೂ ದಿನಾ ಹಂಡೆ ತುಂಬ ಬಿಸಿನೀರು ಹೊಯ್ಯಬೇಕು. ನಮ್ಮಲ್ಲಿ ಉಳಿದಿರುವುದು ಎರಡು ತಂಬಿಗೆ, ಒಂದು ತಪೇಲಿ. ಅವ್ವ ದಿನಾಲು ಖಾಲಿ ಒಲೆಯನ್ನು ನೋಡಿ, "ಹುಟ್ಟೂ ಕೂಸು ಹುಕುಂ ಬರೂತನಕ ತಡೀತೈತೇನೋ?" ಎನ್ನುತ್ತಾಳೆ. ಇದಕ್ಕೆ ಉತ್ತರ ತಮ್ಮ ಬಳಿ ಇದೆ.

ಮರ್ದಾನಸಾಬರಿಗೆ ಒಂದು ಸಾಲಿನ ಚೀಟಿ ಬರೆಯಿರಿ. ಮುಂಬಯಿಯ ಹಳೆಯ ಕಾಗದದ ಮೇಲೆ ಮೈಸೂರಿನ ಹೊಸ ಮುದ್ರೆ ಒತ್ತಿದರೂ ನಮಗೆ ಬೇಸರವಿಲ್ಲ. ಎಂಟು ದಿನದೊಳಗೆ ಬಾರದಿದ್ದರೆ ಅವ್ವ, ಅಕ್ಕ, ನಾನು ತಮ್ಮ ಕಚೇರಿಯ ಪಡಸಾಲೆಗೇ ಬಂದು ಒಲೆ ಹೂಡುತ್ತೇವೆ. ನೀರು ಕಾಸುವ ಪಾತ್ರೆಯನ್ನು ತಾವೇ ಒದಗಿಸಬೇಕು. ಅದಕ್ಕೆ ಠೇವಣಿಯಾಗಿ ನಾನು ತಮ್ಮ ಮೇಜಿನ ಎದುರಿಗೇ ಕುಳಿತಿರುತ್ತೇನೆ.

ಇಂತಿ,
ಒಂದೇ ಕುಣಿಯನ್ನು ಎರಡು ಸಲ ತೋಡಿ, ಒಂದು ಸಲ ಮುಚ್ಚಿ, ಮೂರು ಸಲವೂ ತಪ್ಪಿತಸ್ಥನಾದ
ಬನಶಂಕರೆವ್ವನ ಮಗ ನಾರಾಯಣಪ್ಪ
ಬೆಟಗೇರಿ, ಜನವರಿ ೧೯೫೭