ಹನ್ನೊಂದು ಸಲ ಕೇಳಿದ ಒಂದು ಪ್ರಶ್ನೆ

ಸಂಶೋಧನಾ ಚರ್ಚಾವೇದಿಕೆಯ ಮೇಲ್ವಿಚಾರಕರಾದ ಮಾನ್ಯರೇ,

ಕಳೆದ ವರ್ಷ ನೀವು ‘ತಕ್ಕಡಿ’ ಎಂಬ ಅಡ್ಡಹೆಸರಿನ ಸದಸ್ಯರೊಬ್ಬರನ್ನು ಟ್ರೋಲ್, ಅಂದರೆ ಬೇಕೆಂದೇ ಕೆಣಕುವ ಕಿಡಿಗೇಡಿ ಎಂದು ಸಾರಿ ನಿಮ್ಮ ಅಂತರ್ಜಾಲ ವೇದಿಕೆಯಿಂದ ಹೊರಹಾಕಿದಿರಿ. ಅವರು ಟ್ರೋಲ್ ಅಲ್ಲ. ಟ್ರೋಲ್ ಎಂದು ದೂರು ಕೊಟ್ಟವನು ನಾನು. ಬರೆಯುವಾಗಲೇ ಅದು ಸುಳ್ಳೆಂದು ನನಗೆ ಅರ್ಧ ಗೊತ್ತಿತ್ತು. ನಿಮ್ಮನ್ನು ಬೈಯಲು ಕೂತವನು ಮೊದಲು ನನ್ನ ಕೆನ್ನೆಗೇ ಹೊಡೆದುಕೊಳ್ಳಬೇಕಾಗಿದೆ.

ನಾನು ಮಣ್ಣಿನ ವಿಜ್ಞಾನ ಕಲಿಸುವ ಮೇಷ್ಟ್ರು. ನನ್ನ ಪ್ರಬಂಧವೊಂದು ನಿಮ್ಮಲ್ಲಿ ಚರ್ಚೆಗೆ ಬಂತು. ಹೊಗಳಿಕೆಗಳ ನಡುವೆ ತಕ್ಕಡಿಯವರು ಕೇಳಿದರು: ‘ಮಾದರಿಗಳನ್ನು ತೂಗುವ ಮೊದಲು ಎಷ್ಟು ಗಂಟೆ ಒಣಗಿಸಿದಿರಿ?’ ನಾನು ಉತ್ತರಿಸಲಿಲ್ಲ. ಮಾರನೆಯ ದಿನ ಅದೇ ಪ್ರಶ್ನೆ. ಹೀಗೆ ಹನ್ನೊಂದು ಸಲ, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಮಾದರಿ ತೂಗಿದ ವಾರ ನಮ್ಮ ಪ್ರಯೋಗಾಲಯದ ಮಣ್ಣು ಒಣಗಿಸುವ ಓವನ್ ಕೆಟ್ಟು ಕೂತಿದ್ದು ನನಗೆ ನೆನಪಿತ್ತು. ಹಸಿ ಮಣ್ಣು ತೂಗಿದರೆ ನೀರಿನ ತೂಕವೂ ಸೇರಿ ಲೆಕ್ಕವೆಲ್ಲ ಕೆಡುತ್ತದೆ. ಅದನ್ನು ಪರೀಕ್ಷಿಸುವ ಬದಲು ದೂರು ಬರೆದೆ: ‘ಈ ವ್ಯಕ್ತಿ ಟ್ರೋಲ್. ವಿದ್ವತ್ತಿಗೆ ಸಂಬಂಧವಿಲ್ಲದವರು.’

ನಿಮ್ಮ ಚುರುಕುತನಕ್ಕೆ ತಲೆಬಾಗಬೇಕು. ನನ್ನ ಪ್ರಬಂಧ ಓದಲು ಏಳು ತಿಂಗಳು ತೆಗೆದುಕೊಂಡ ವಿದ್ವಾಂಸರ ಲೋಕಕ್ಕೆ ಒಬ್ಬ ವ್ಯಕ್ತಿಯನ್ನು ಅಳೆಯಲು ನಲವತ್ತು ನಿಮಿಷ ಸಾಕಾಯಿತು. ಅವರನ್ನು ಒಂದು ಮಾತು ಕೇಳಿದಿರಾ? ನನ್ನನ್ನಾದರೂ ‘ಸ್ವಾಮೀ, ಉತ್ತರವೇನು’ ಎಂದಿರಾ? ನನ್ನ ಹೆಸರಿನ ಜೊತೆ ಪ್ರಾಧ್ಯಾಪಕ ಎಂದಿತ್ತು, ಅವರ ಹೆಸರಿನ ಜೊತೆ ಏನೂ ಇರಲಿಲ್ಲ. ಅಷ್ಟೇ ತಾನೆ?

ಈ ವರ್ಷ ಹಿರಿಯ ತಂತ್ರಜ್ಞರ ತರಬೇತಿಗೆ ಆಯ್ಕೆ ನಡೆಯಿತು. ಸಮಿತಿಯಲ್ಲಿ ನಾನೂ ಇದ್ದೆ. ನಮ್ಮದೇ ಕಟ್ಟಡದ ನೆಲಮಾಳಿಗೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಮಾದರಿ ತೂಗುತ್ತಿರುವ, ನಾವೆಲ್ಲ ಅಕ್ಕ ಎಂದು ಕರೆಯುವ ತಂತ್ರಜ್ಞೆಯ ಅರ್ಜಿ ಬಂತು. ‘ಯಾವುದಾದರೂ ವೇದಿಕೆಯಿಂದ ನಿಮ್ಮನ್ನು ತೆಗೆದುಹಾಕಲಾಗಿದೆಯೇ?’ ಎಂಬ ಕಡೆ ಅವರು ಮುಚ್ಚುಮರೆಯಿಲ್ಲದೆ ಬರೆದಿದ್ದರು: ಹೌದು, ತಕ್ಕಡಿ ಎಂಬ ಹೆಸರಿನಲ್ಲಿ. ಪಕ್ಕದ ಸದಸ್ಯರು ‘ಟ್ರೋಲಾ? ಬೇಡ ಬಿಡಿ, ತಲೆನೋವು’ ಎಂದು ಅರ್ಜಿಯನ್ನು ಬದಿಗೆ ಸರಿಸಿದರು. ನಾನು ನೀರು ಕುಡಿದೆ. ಮುಂದಿನ ಅರ್ಜಿ ಕೈಗೆತ್ತಿಕೊಂಡೆ.

ಸಂಜೆ ನೆಲಮಾಳಿಗೆಗೆ ಇಳಿದೆ. ಅವರು ಸಣ್ಣ ಬ್ರಷ್ಷಿನಿಂದ ತೂಕದ ತಟ್ಟೆ ಒರೆಸುತ್ತಿದ್ದರು.

‘ಅಕ್ಕ, ನನ್ನ ಹತ್ರಾನೇ ಬಂದು ಹೇಳ್ಬಹುದಿತ್ತಲ್ಲ?’

‘ಹೇಳಿದ್ದೆ ಸರ್, ಮೆಟ್ಟಿಲ ಹತ್ರ. ಆಮೇಲೆ ನೋಡೋಣಮ್ಮ ಅಂದ್ರಿ.’

‘ಆದ್ರೂ ಅದೇ ಪ್ರಶ್ನೆ ಹನ್ನೊಂದು ಸಲ...’

‘ನೀವು ಒಂದ್ಸಲಾನೂ ಉತ್ತರ ಕೊಡ್ಲಿಲ್ವಲ್ಲ ಸರ್.’

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು. ತೂಕ ಬರೆದಿಡುವ ಪುಸ್ತಕ ತೆಗೆದು ತೋರಿಸಿದರು. ಆ ವಾರದ ಪ್ರತಿ ಸಾಲಿನ ಮುಂದೆ ‘ಹಸಿ’ ಎಂದು ಅವರದೇ ಕೈಬರಹವಿತ್ತು.

ಪ್ರಬಂಧವನ್ನು ಹಿಂತೆಗೆದುಕೊಂಡಿದ್ದೇನೆ. ಆಯ್ಕೆ ಸಮಿತಿಗೂ ನಿಜ ಹೇಳಿದ್ದೇನೆ. ನಿಮ್ಮ ದಾಖಲೆ ತಿಂಗಳ ಕೊನೆಯೊಳಗೆ ಬದಲಾದರೆ ಅರ್ಜಿಯನ್ನು ಮತ್ತೆ ನೋಡುತ್ತಾರಂತೆ. ನಿಮಗೆ ನಾಲ್ಕು ಪತ್ರ ಬರೆದೆ. ಬಂದ ಉತ್ತರ: ‘ದೂರು ಹಿಂಪಡೆಯಲು ಅವಕಾಶವಿಲ್ಲ. ಒಂದೇ ವಿಷಯವನ್ನು ಪದೇ ಪದೇ ಕೇಳುವುದನ್ನು ಟ್ರೋಲಿಂಗ್ ಎಂದು ಪರಿಗಣಿಸಲಾಗುವುದು.’ ಸುಳ್ಳು ಹೇಳಿದಾಗ ನಾನು ಗೌರವಾನ್ವಿತ ವಿದ್ವಾಂಸ, ನಿಜ ಹೇಳಲು ಬಂದಾಗ ಕಿಡಿಗೇಡಿ. ಇದು ಯಾವ ನಿಯಮಾವಳಿಯ ಎಷ್ಟನೆಯ ಕಲಮು, ದಯವಿಟ್ಟು ತಿಳಿಸುವಿರಾ?

ಆದ್ದರಿಂದ ಈ ಬಹಿರಂಗ ಪತ್ರದಲ್ಲಿ ನಾಲ್ಕು ಜನರೆದುರು ಕೇಳುತ್ತಿದ್ದೇನೆ. ಅಕ್ಕನ ಖಾತೆಯ ಮೇಲಿನ ಆ ಪದವನ್ನು ತಿಂಗಳ ಕೊನೆಯೊಳಗೆ ತೆಗೆಯಿರಿ. ಅವರ ಪ್ರಶ್ನೆಗಳನ್ನು ಇದ್ದಲ್ಲೇ ಇಡಿ. ಅವುಗಳ ಕೆಳಗೆ ನನ್ನ ದೂರನ್ನು ನಿಮ್ಮ ಕಡತದಲ್ಲಿರುವ ನನ್ನ ಪೂರ್ಣ ಹೆಸರಿನೊಂದಿಗೆ ಪ್ರಕಟಿಸಿ. ಅಕ್ಕನ ಕ್ಷಮೆಯನ್ನು ನಾನಿನ್ನೂ ಕೇಳಿಲ್ಲ. ಆ ಪದ ಅಳಿಸದೆ ಯಾವ ಮುಖ ಹೊತ್ತು ಮತ್ತೆ ನೆಲಮಾಳಿಗೆಗೆ ಇಳಿಯಲಿ?

ಇಂತಿ,
ದೂರು ಕೊಟ್ಟು ಗೆದ್ದು ತಲೆತಗ್ಗಿಸಿದ ಮೇಷ್ಟ್ರು