ಇಂಜೆಕ್ಷನ್ನಿನ ಕೆಳಗಿನ ಸಾಲು

ಮನೆ, ಮಾರ್ಚ್ ೧೪
ಮಧ್ಯಾಹ್ನ, ಊಟವಾದ ಮೇಲೆ

ಮುದ್ದಿನ ಪುಟ್ಟಕ್ಕಾ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ಬಗ್ಗಿ ಬಗ್ಗಿ ಕುತ್ತಿಗೆ ಹಿಡಿದುಕೊಂಡಿತ್ತಲ್ಲ, ಈಗ ಪರವಾಗಿಲ್ಲವೇ? ರೋಗಿಯ ಕುರ್ಚಿಯನ್ನು ಏರಿಸಿಕೋ, ನೀನು ಬಾಗಬೇಡ ಎಂದು ಸಾವಿರ ಸಲ ಹೇಳಿದ್ದೇನೆ; ನನ್ನ ಮಾತು ಯಾರಿಗೆ ಬೇಕು! ಇಲ್ಲಿ ನಾವು ಚೆನ್ನಾಗಿದ್ದೇವೆ. ನಿನ್ನಮ್ಮನ ಮಂಡಿನೋವು ಇದ್ದ ಹಾಗೇ ಇದೆ. ನನ್ನ ಹಲ್ಲಿನ ಸೆಟ್ಟು ಸಡಿಲವಾಗಿ, ಮಾತಾಡುವಾಗ ಟಕ್ ಟಕ್ ಎನ್ನುತ್ತದೆ. ಊರಿಗೆಲ್ಲ ಹಲ್ಲು ಕಟ್ಟಿದವರ ಅವಸ್ಥೆ ನೋಡಿ ಎಂದು ಅವಳು ಬಂದವರ ಎದುರಿಗೆಲ್ಲ ನಗುತ್ತಾಳೆ. ನಗಲಿ ಬಿಡು, ಅವಳ ಮೂವತ್ತೆರಡೂ ಇನ್ನೂ ಗಟ್ಟಿಯಾಗಿವೆ.

ನೀನು ಕಳಿಸಿದ ಲಕೋಟೆ ಕಳೆದ ವಾರವೇ ಬಂತು. ಎಕ್ಸ್‌ರೇ, ಚಿಕಿತ್ಸೆಯ ದಾಖಲೆಯ ನಕಲು, ಆ ಶಾಲೆಯ ಟೀಚರಮ್ಮ ನಿನ್ನ ಮೇಲೆ ಹಾಕಿರುವ ದೂರು, ಎಲ್ಲವನ್ನೂ ಊಟದ ಮೇಜಿನ ಮೇಲೆ ಹರಡಿಕೊಂಡು ಮೂರು ದಿನ ನೋಡಿದೆ. ತಟ್ಟೆ ಇಡಲು ಜಾಗವಿಲ್ಲವೆಂದು ನಿನ್ನಮ್ಮನಿಂದ ಬೈಸಿಕೊಂಡೆ. "ನಿಮ್ಮ ಸ್ನೇಹಿತರಲ್ಲಿ ಯಾರಾದ್ರೂ ನನ್ನ ಪರವಾಗಿ ತಜ್ಞರ ವರದಿ ಬರೆದುಕೊಡ್ತಾರಾ ಅಪ್ಪಾ?" ಎಂದು ಕೇಳಿದ್ದೀಯ. ಹಲ್ಲಿನ ಕೇಸುಗಳಲ್ಲಿ ಹತ್ತೊಂಬತ್ತು ವರ್ಷ ತಜ್ಞ ಸಾಕ್ಷಿಯಾಗಿ ನಿಂತ ಅಪ್ಪನನ್ನು ಮಗಳು ಅಷ್ಟು ಕೇಳುವುದು ದೊಡ್ಡ ವಿಷಯವೇನಲ್ಲ. ಆದರೆ ಸಾಕ್ಷಿಕಟ್ಟೆ ಹತ್ತಿದ ತಜ್ಞ ತನ್ನನ್ನು ಕರೆಸಿದವರ ಕಡೆಯವನಾಗುವಂತಿಲ್ಲ ಪುಟ್ಟಕ್ಕಾ. ಕಂಡದ್ದನ್ನು ನ್ಯಾಯಾಧೀಶರಿಗೆ ಹೇಳಿ ಇಳಿದುಬರಬೇಕು. ನಾನಂತೂ ಬರೆಯುವ ಹಾಗೇ ಇಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಎದುರು ವಕೀಲ ಒಂದೇ ಮಾತಿನಲ್ಲಿ ಮುಗಿಸುತ್ತಾನೆ.

ಮೊದಲು ಸಮಾಧಾನದ ಮಾತು ಹೇಳುತ್ತೇನೆ. ನಿನ್ನ ಕೈಕೆಲಸದಲ್ಲಿ ಎಳ್ಳಷ್ಟೂ ತಪ್ಪು ಕಾಣಲಿಲ್ಲ. ಆ ಬುದ್ಧಿಹಲ್ಲು ಕೆಳದವಡೆಯಲ್ಲಿ ಅಡ್ಡಡ್ಡ ಮಲಗಿತ್ತು, ಅದರ ಬೇರು ತುಟಿಗೆ ಹೋಗುವ ನರದ ಮೇಲೇ ಕೂತಿತ್ತು. ನನಗೆ ಕಲಿಸಿದ ಮೇಷ್ಟ್ರೇ ಕಿತ್ತಿದ್ದರೂ ಆ ನರಕ್ಕೆ ಪೆಟ್ಟಾಗಬಹುದಿತ್ತು. ಅಂಥ ಹಲ್ಲನ್ನು ಎಷ್ಟು ಚೊಕ್ಕವಾಗಿ ತೆಗೆದಿದ್ದಾಳಲ್ಲ ಎಂದು ಎಕ್ಸ್‌ರೇ ಹಿಡಿದು ಕಿಟಕಿಯ ಹತ್ತಿರ ನಿಂತೆ. ನಿಜ ಹೇಳುತ್ತೇನೆ, ಹೆಮ್ಮೆಯಿಂದ ಕಣ್ಣು ತುಂಬಿತು.

ಆಮೇಲೆ ದಾಖಲೆಯ ಹಾಳೆ ಓದಿದೆ. ಕೆಲಸ ಮಾಡುವಾಗ ನಿನ್ನ ಕೈಗೆ ಗ್ಲೌಸ್ ಇರುತ್ತದೆ; ನೀನು ಬಾಯಲ್ಲಿ ಹೇಳುತ್ತೀಯ, ನಿನ್ನ ನರ್ಸಮ್ಮ ಬರೆದುಕೊಳ್ಳುತ್ತಾರೆ. ನಾನೇ ಕಲಿಸಿದ ಪದ್ಧತಿ. ಇಡೀ ಹಾಳೆ ಆಕೆಯ ದುಂಡು ಅಕ್ಷರದಲ್ಲಿದೆ. ಒಂದು ಸಾಲು ಮಾತ್ರ ನಿನ್ನ ಕೈಬರಹ: "ತುಟಿ ಶಾಶ್ವತವಾಗಿ ಮರಗಟ್ಟಬಹುದೆಂದು ತಿಳಿಸಿದೆ, ಒಪ್ಪಿದರು." ಅದಾದರೂ ಎಲ್ಲಿದೆ? ಹತ್ತು ಇಪ್ಪತ್ತಕ್ಕೆ ಇಂಜೆಕ್ಷನ್ ಕೊಟ್ಟದ್ದರ ಕೆಳಗೆ, ಹಲ್ಲು ಕಿತ್ತದ್ದರ ಮೇಲೆ, ನಡುವೆ ಮುದುಡಿಕೊಂಡು ಕೂತಿದೆ. ಖಾಲಿ ಜಾಗ ಅಲ್ಲೊಂದೇ ಸಿಕ್ಕಿತೇನೋ. ಇಂಜೆಕ್ಷನ್ ಚುಚ್ಚಿ ತುಟಿ ಮರಗಟ್ಟಿಸಿದ ಮೇಲೆ, ತುಟಿ ಮರಗಟ್ಟಬಹುದು, ಒಪ್ಪುತ್ತೀರಾ ಎಂದು ಯಾವ ಡಾಕ್ಟರು ಕೇಳುತ್ತಾರಮ್ಮ? ಕಳ್ಳತನಕ್ಕೂ ಅಭ್ಯಾಸ ಬೇಕು. ನಿನಗೆ ಅದಿಲ್ಲವೆಂಬುದೇ ನನ್ನ ಪುಣ್ಯ.

ಯಾವಾಗ ಸೇರಿಸಿದೆ ಎಂದು ಕೇಳುವುದಿಲ್ಲ. ನೋಟಿಸು ಬಂದ ದಿನ ಹೆದರಿ ಬರೆದಿರಬೇಕು, ಅಕ್ಷರಗಳೇ ನಡುಗಿವೆ. ಹಲ್ಲು ಕಿತ್ತ ದಿನ ಹೊರಗೆ ಹನ್ನೊಂದು ಜನ ಕಾಯುತ್ತಿದ್ದರು ಎಂದಿದ್ದೀಯ. ಆ ಗಡಿಬಿಡಿಯಲ್ಲಿ ಟೀಚರಮ್ಮನಿಗೆ ಹೇಳಲು ಮರೆತಿದ್ದೀಯ. ಅದು ತಪ್ಪೇ, ಒಪ್ಪಿಕೊಂಡು ತಲೆಬಾಗಬೇಕು. ಆದರೆ ಹೇಳಲು ಮರೆತ ಡಾಕ್ಟರು ನಾಳೆಯೂ ಕ್ಲಿನಿಕ್ಕಿನ ಬಾಗಿಲು ತೆರೆಯಬಹುದು. ದಾಖಲೆ ತಿದ್ದಿದವರು ಸಿಕ್ಕಿಬಿದ್ದರೆ ಆ ಬಾಗಿಲು ಮುಚ್ಚಿದಂತೆಯೇ. ಆ ಟೀಚರಮ್ಮನ ದೂರನ್ನು ಇನ್ನೊಮ್ಮೆ ಓದು. ನೀರು ಕುಡಿದರೆ ಗದ್ದದ ಮೇಲೆ ಇಳಿಯುವುದು ಅವರಿಗೆ ಗೊತ್ತಾಗುವುದಿಲ್ಲವಂತೆ. ಮುಂದಿನ ಬೆಂಚಿನ ಮಕ್ಕಳು ಮುಸಿಮುಸಿ ನಕ್ಕಾಗಲೇ ತಿಳಿಯುವುದಂತೆ. "ಮೊದಲೇ ಒಂದು ಮಾತು ಹೇಳಿದ್ದರೆ ಯೋಚನೆ ಮಾಡ್ತಿದ್ದೆ" ಎಂದಿದ್ದಾರೆ. ನಿನ್ನ ಆ ಸಾಲು ಅವರನ್ನು ಸುಳ್ಳುಗಾರ್ತಿ ಮಾಡುತ್ತದೆ.

ಇಪ್ಪತ್ತೆರಡನೇ ತಾರೀಖು ನಿನ್ನ ವಕೀಲರು ಅಸಲು ಹಾಳೆಯನ್ನು ಕೋರ್ಟಿಗೆ ಕೊಡುತ್ತಾರಲ್ಲ, ಅದಕ್ಕೆ ಮೊದಲು ಅವರೆದುರು ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡು. ಹಾಳೆ ಹರಿಯಬೇಡ, ಆ ಸಾಲನ್ನು ಹೊಡೆದುಹಾಕಲೂ ಬೇಡ. ನಿನ್ನ ಬುದ್ಧಿ ಎತ್ತ ಓಡುತ್ತದೆಂದು ನನಗೆ ಗೊತ್ತು. ಬೈಯುತ್ತಾರೆ, ಬೈಸಿಕೋ. ನಾನು ಇಪ್ಪತ್ತೊಂದರ ಬೆಳಗಿನ ಬಸ್ಸಿಗೆ ಬರುತ್ತೇನೆ. ಒಬ್ಬಳೇ ಹೋಗಲು ಧೈರ್ಯ ಸಾಲದಿದ್ದರೆ ಇಬ್ಬರೂ ಹೋಗೋಣ, ನಿನ್ನ ಚೀಲ ಹಿಡಿದುಕೊಂಡು ಪಕ್ಕದಲ್ಲಿ ಕೂತಿರುತ್ತೇನೆ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಹೇಳಿದರೆ ನೀನು ಅಳುತ್ತೀಯ, ನಾನು ಮಾತು ಬದಲಾಯಿಸುತ್ತೇನೆ. ಅದಕ್ಕೇ ಕಾಗದ. ನಿನ್ನಮ್ಮನಿಗೆ ಏನೂ ಹೇಳಿಲ್ಲ. ಆದರೂ ನಿನಗೆ ಹೊಸ ಸ್ವೆಟರ್ ಹೆಣೆಯಲು ಶುರು ಮಾಡಿದ್ದಾಳೆ, ಹೇಗೋ ವಾಸನೆ ಹಿಡಿದಿರಬೇಕು.

ನಿನಗೆ ಒಳ್ಳೆಯದಾಗಲಿ ಮಗಳೇ. ಏನೇ ಆದರೂ ನೀನು ನಮ್ಮ ಬಂಗಾರವೇ.

ನಿನ್ನ
ಅಪ್ಪ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದೆ. ಆ ಸಾಲು ನನ್ನ ಕಣ್ಣಿಗೆ ಅಷ್ಟು ಬೇಗ ಬಿದ್ದದ್ದು ನಾನು ತಜ್ಞನೆಂದಲ್ಲ. ನಿನಗೆ ಮೂರು ವರ್ಷವಾಗಿದ್ದಾಗ ಅಂಥದ್ದೇ ಸಾಲೊಂದನ್ನು ನಾನೂ ಬರೆದಿದ್ದೆ. ನಮ್ಮ ಬೀದಿಯಲ್ಲೊಬ್ಬರು ದರ್ಜಿ, ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಬಟ್ಟೆ ಹೊಲಿಯುತ್ತಿದ್ದರು. ನಾನು ಹಲ್ಲು ಕಿತ್ತ ಮೇಲೆ ಸೂಜಿ ಅವರ ತುಟಿಯಲ್ಲಿ ನಿಲ್ಲಲಿಲ್ಲ. ನಾನು ಸರಿಯಾದ ಜಾಗ ನೋಡಿ ಬರೆದಿದ್ದೆ, ಯಾರಿಗೂ ಗೊತ್ತಾಗಲಿಲ್ಲ, ಕೇಸು ಗೆದ್ದೆ. ತಿಂಗಳಾದ ಮೇಲೆ ಅವರೇ ಕ್ಲಿನಿಕ್ಕಿಗೆ ಬಂದರು. "ನೀವು ಹೇಳಿದ್ದು ನನಗೇ ಮರೆತುಹೋಗಿತ್ತು ಅಂತ ಕಾಣುತ್ತೆ ಡಾಕ್ಟ್ರೇ. ಸುಮ್ಮನೆ ನಿಮ್ಮನ್ನ ಕೋರ್ಟಿಗೆ ಎಳೆದೆ, ಕ್ಷಮಿಸಿಬಿಡಿ" ಎಂದರು. ನಾನು "ಇರಲಿ ಬಿಡಿ" ಎಂದೆ. ಅವರು ತೀರಿಕೊಂಡು ಹನ್ನೆರಡು ವರ್ಷವಾಯಿತು. ನಿನ್ನ ಟೀಚರಮ್ಮ ಇನ್ನೂ ಇದ್ದಾರೆ.