ಕಪ್ಪೆ ಓಗೊಟ್ಟಿತು

ನೋನ್‌ಸಾಯ್ ಹಳ್ಳಿ, ಕಾಲಸಿನ್
ನವೆಂಬರ್ ೧೪

ಮುದ್ದಿನ ಮಗಳು ಸಾಯ್‌ಫೊನ್‌ಗೆ,

ಹೇಗಿದ್ದೀಯ ತಾಯಿ? ತೈವಾನಿನಲ್ಲಿ ಚಳಿ ಶುರುವಾಗಿರಬೇಕು. ಹೊಟ್ಟೆಗೆ ಸರಿಯಾಗಿ ತಿನ್ನುತ್ತೀಯೋ, ಫ್ಯಾಕ್ಟರಿಯ ನೂಡಲ್ಸಿನಲ್ಲೇ ದಿನ ದೂಡುತ್ತೀಯೋ? ಫೋನು ಎತ್ತದ ಮಗಳಿಗೆ ಕಾಗದ ಬರೆಯದೆ ಇನ್ನೇನು ಮಾಡಲಿ! ಕೂತು ಓದು. ನಿನ್ನ ತಮ್ಮ ಮಾತಾಡಿದ!

ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಮೇಲೆ, ಗ್ರಹಚಾರ ಕಳೆಯಲೆಂದು ಭಿಕ್ಷುಗಳಿಂದ ಅವನಿಗೆ ಥನಫತ್ ಎಂದು ಹೊಸ ಹೆಸರು ಇಡಿಸಿದೆನಲ್ಲ. ಹಳೆಯ ಹೆಸರಾಗಲಿ, ಕೊಪ್ ಎಂಬ ಆ ಕಪ್ಪೆಯ ಅಡ್ಡಹೆಸರಾಗಲಿ ಯಾರ ಬಾಯಲ್ಲೂ ಬರಕೂಡದು, ಬಂದರೆ ಹಳೆಯ ಕೇಡೂ ಬೆನ್ನಿಗೇ ಬಂದೀತು ಎಂದು ಊರಿಗೆಲ್ಲ ತಾಕೀತು ಮಾಡಿದವಳೂ ನಾನೇ. ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ನಿಂಗ್ ಮೇಡಂ ಮೂರು ತಿಂಗಳು "ಥನಫತ್, ಥನಫತ್" ಎಂದು ಕರೆದರು. ಇವನು ಗೋಡೆ ನೋಡುತ್ತಿದ್ದ. "ತನ್ನ ಹೆಸರೇ ತಿಳಿಯುತ್ತಿಲ್ಲ" ಎಂದು ಹಾಳೆಯಲ್ಲಿ ಬರೆದರು. ಅವತ್ತು ನಾನು ಮರೆಗೆ ಹೋಗಿ ಅತ್ತುಬಂದೆ.

ಮೊನ್ನೆ ಭಾನುವಾರ ಖ್ವಾನ್ ಕರೆಯುವ ಶಾಸ್ತ್ರ ಮಾಡಿಸಿದೆವು. ಪೆಟ್ಟಿನಿಂದ ಬೆದರಿ ನೆತ್ತಿ ಬಿಟ್ಟು ಓಡಿದ ಆ ಜೀವಕಳೆಯನ್ನು ಕೂಗಿ ಮನೆಗೆ ತರಬೇಡವೇ? ಡಾಕ್ಟರೂ ಬೇಡವೆನ್ನಲಿಲ್ಲ. "ಮಾತ್ರೆ ಮಾತ್ರ ತಪ್ಪಿಸ್ಬೇಡಿ. ಗದ್ದಲ ಕಡಿಮೆ ಇರ್ಲಿ, ಸುಸ್ತಾದ್ರೆ ಮಲಗಿಸಿ" ಎಂದರು. ಶಾಸ್ತ್ರ ಮಾಡುವ ಖಮ್‌ಪನ್ ತಾತ ಥನಫತನ ಖ್ವಾನನ್ನು ಎರಡು ಸಲ ಕೂಗಿ, ಕೈಗೆ ಕಟ್ಟುವ ಬಿಳಿ ದಾರ ಕೆಳಗಿಟ್ಟು, ನನ್ನ ಮೇಲೇ ರೇಗಿದ. "ಲೇ ಬುವಾ, ನಿಂಗೆ ಬುದ್ಧಿ ಇದೆಯೇನೇ? ಅದು ಓಡಿಹೋದಾಗ ಈ ಹೆಸರೇ ಇರ್ಲಿಲ್ಲ! ಇನ್ಯಾರನ್ನೋ ಕರೀತಿದಾರೆ ಅಂತ ಅಲ್ಲೇ ರಸ್ತೇಲಿ ಕೂತಿರುತ್ತೆ!" ಆಮೇಲೆ ಗಂಟಲು ಹರಿಯುವಂತೆ ಕೂಗಿದ: "ಕೊಪ್! ಏ ಕಪ್ಪೆ, ಮನೆಗೆ ಬಾರೋ!"

ನಿನ್ನ ತಮ್ಮ ಕತ್ತು ತಿರುಗಿಸಿ "ಹ್ಞಾಂ" ಅಂದ.

ಊರಿಗೆ ಊರೇ ಕುಣಿಯಿತು, ಆಮೇಲೆ ಡಾಕ್ಟರ ಮಾತು ನೆನಪಾಗಿ ಪಿಸುಗುಟ್ಟುತ್ತ ಕುಣಿಯಿತು! ಮರುದಿನ ನಿಂಗ್ ಮೇಡಂ ಹೆಸರು ತಿಳಿಯುತ್ತಿಲ್ಲವೆಂದು ಬರೆದಿದ್ದ ಆ ಸಾಲನ್ನು ಹೊಡೆದುಹಾಕಿ, "ಅಮ್ಮಾ, ಇದನ್ನ ಮೊದ್ಲೇ ಹೇಳ್ಬಾರ್ದಿತ್ತಾ?" ಎಂದು ನಕ್ಕರು. ಈಗ ಸೋತ ಎಡಗೈಗೆ ಅಂಟನ್ನದ ಉಂಡೆ ಕಟ್ಟುವುದೇ ವ್ಯಾಯಾಮ. ಅರ್ಧ ಕೆಳಗೆ ಬಿದ್ದು ಕೋಳಿಗಳ ಪಾಲು. ಪೂರಾ ಗುಣವಾಗಲು ವರ್ಷ ಹಿಡಿಯಬಹುದು, ಆಗಾಗ ಸಿಟ್ಟೂ ಬರುತ್ತದೆ. ಬರಲಿ ಬಿಡು, ನಾನಿದ್ದೇನೆ.

ಹೋದಲ್ಲೆಲ್ಲ ಬುದ್ಧನ ನೆರಳು ನಿನ್ನ ಮೇಲಿರಲಿ.

ನಿನ್ನ ಅಮ್ಮ,
ಬುವಾ

ಮರೆತಿದ್ದೆ: ಮರೆತೆನೆಲ್ಲಿ, ಬರೆಯಲು ಧೈರ್ಯವಿರಲಿಲ್ಲ. ನೀನು "ಬೈಕ್ ಓಡಿಸಿದ್ದು ನಾನು, ಇದ್ದ ಒಂದೇ ಹೆಲ್ಮೆಟೂ ನನ್ನ ತಲೆಯ ಮೇಲೇ ಇತ್ತು" ಎಂದು ಕೊರಗುವುದು ನನಗೆ ಗೊತ್ತು. ಅದನ್ನು ನಿನಗೆ ತೊಡಿಸಿ ಪಟ್ಟಿ ಬಿಗಿದವನು ಅವನೇ ಅಲ್ಲವೇ? ಅವನ ಎರಡನೆಯ ಮಾತು ಕೇಳು: "ಅಕ್ಕ... ಪಟ್ಟಿ... ಗಟ್ಟಿ ಇತ್ತಾ?" ನಾನು ಹೌದೆಂದರೆ ನಂಬುತ್ತಿಲ್ಲ. ನೀನೇ ಫೋನ್ ಮಾಡಿ ಹೇಳು. ಕೊಪ್ ಅಂತಲೇ ಕರಿ.